ಬಾಯಿಬಿಡದ ಬೇನೆ

ಸೊರಬ ತಾಲ್ಲೂಕಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದುದು ಒಂದು ಜ್ವರದ ಮೂಲಕ. ೧೯೫೭ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದರ ಬೆನ್ನಿಗೇ ಸುತ್ತಣ ಹಳ್ಳಿಗಳ ಜನ ಹಾಸಿಗೆ ಹಿಡಿದರು. ಪುಣೆಯಿಂದ ವಿಜ್ಞಾನಿಗಳು ಬಂದರು, ಉಣುಗುಗಳನ್ನು ಆರಿಸಿದರು, ವೈರಸ್ಸನ್ನು ಬೇರ್ಪಡಿಸಿದರು. ರೋಗಕ್ಕೆ ಆ ಕಾಡಿನ ಹೆಸರೇ ನಿಂತಿತು. ಅದೇ ಹಳ್ಳಿಗಳಲ್ಲಿ ಅದಕ್ಕೂ ಹಿಂದಿನಿಂದ ಇನ್ನೊಂದು ಬೇನೆ ಇತ್ತು. ಅದಕ್ಕಾಗಿ ಮಂಗಗಳು ಸಾಯಲಿಲ್ಲ, ಯಾವ ವಿಜ್ಞಾನಿಯೂ ಬರಲಿಲ್ಲ. ಹೆಂಗಸರು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಗದ್ದೆಗೂ ಕೊಟ್ಟಿಗೆಗೂ ನಡೆದಾಡಿದರು.

ನನ್ನ ದೊಡ್ಡಮ್ಮ ಅಂಥವರಲ್ಲಿ ಒಬ್ಬಳು. ಆಕೆಯ ಮನೆ ಸೊರಬದ ಕಡೆಯ ಒಂದು ಹಳ್ಳಿಯಲ್ಲಿ, ನಮ್ಮದು ಶಿಕಾರಿಪುರ. ಮುಟ್ಟು ನಿಂತು ನಾಲ್ಕೈದು ವರ್ಷಗಳಾಗಿದ್ದ ಮೇಲೆ ಮತ್ತೆ ರಕ್ತ ಕಂಡಿತು. ಉಷ್ಣವೆಂದು ಆಕೆಯೇ ತೀರ್ಮಾನಿಸಿ ಎಳನೀರು ಕುಡಿದಳು, ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಳು. ಒಬ್ಬ ವೈದ್ಯರು ಪರೀಕ್ಷೆಯ ಗೋಜಿಗೇ ಹೋಗದೆ ಟಾನಿಕ್ ಬರೆದುಕೊಟ್ಟರು. ಅವರನ್ನೂ ಪೂರ್ತಿಯಾಗಿ ದೂರಲಾರೆ. ‘ನಿಶ್ಶಕ್ತಿ’ ಎಂಬ ಒಂದು ಮಾತಿನ ಹೊರತು ದೊಡ್ಡಮ್ಮ ಅವರಿಗೆ ಏನನ್ನೂ ಹೇಳಿರಲಿಲ್ಲ. ಕೊನೆಗೆ ನಮ್ಮ ತಾಯಿಗೆ ಗುಟ್ಟು ತಿಳಿದುದು, ಬಾವಿಕಟ್ಟೆಯ ಬಳಿ ಬಟ್ಟೆ ಒಗೆಯುವಾಗ.

೧೯೭೬ರಲ್ಲಿ ನಾವು ಆಕೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು. ಬಸ್ಸು ಶಿರಾಳಕೊಪ್ಪ ದಾಟಿ, ಬಳ್ಳಿಗಾವಿಯ ದಾರಿ ಕವಲೊಡೆಯುವಲ್ಲಿ ಸ್ವಲ್ಪ ಹೊತ್ತು ನಿಂತಿತು. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವನ್ನು ನಾನು ಆಗ ತಾನೆ ಓದಿದ್ದೆ. ವೇದ, ವ್ಯಾಕರಣ, ಕಾವ್ಯ, ನಾಟಕಗಳ ವ್ಯಾಸಂಗಕ್ಕೆ ನೆಲೆಯಾಗಿದ್ದ ಆ ಮಠ ಕುರುಡರಿಗೂ ಕಿವುಡರಿಗೂ ಅನ್ನವಿಕ್ಕುವ ಸ್ಥಳವಾಗಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳವೂ ಆಗಿತ್ತು ಎಂದು ಅದು ಹೇಳುತ್ತದೆ. ನಮ್ಮೂರಿನ ಈ ಹಿರಿಮೆಯನ್ನು ದೊಡ್ಡಮ್ಮನಿಗೆ ವಿವರಿಸತೊಡಗಿದೆ. ಹೊಸದಾಗಿ ಎಂ.ಎ. ಮಾಡಿದವನ ಉತ್ಸಾಹ! ಆಕೆ ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಮಾತು ನಿಲ್ಲಿಸಿದೆ.

ಆಸ್ಪತ್ರೆಯಲ್ಲಿ ಆಕೆಯನ್ನು ನೋಡಿದವರು ಒಬ್ಬ ವೈದ್ಯೆ. “ಮೊದಲು ಕಂಡದ್ದು ಯಾವಾಗಮ್ಮ?” ಎಂದು ಕೇಳಿದರು. ದೊಡ್ಡಮ್ಮನಿಗೆ ತಿಂಗಳುಗಳ ಲೆಕ್ಕ ಬಾರದು. “ಹೋದ ವರ್ಷದ ಹಿಂದಿನ ಭೂಮಿಹುಣ್ಣಿಮೆ” ಎಂದಳು. ಆ ವೈದ್ಯೆ ಬೆರಳು ಮಡಿಸಿ ಎಣಿಸಿ, ಏನೂ ಹೇಳದೆ ಕಾಗದದ ಮೇಲೆ ಒಂದು ಅಂಕಿಯನ್ನು ಬರೆದರು. ಅದನ್ನು ನಾನು ಓದಿದೆ: ೧೮. ಗರ್ಭಕೋಶದ ಕೊರಳಿನ ಏಡಿಗಂತಿ ಅಷ್ಟರಲ್ಲಿ ಶ್ರೋಣಿಯ ಗೋಡೆಯವರೆಗೆ ಹಬ್ಬಿತ್ತು. ಶಸ್ತ್ರಕ್ರಿಯೆಯ ಕಾಲ ಮೀರಿತ್ತು. ವಿಕಿರಣ ಕೊಟ್ಟರು, ಮರುವರ್ಷ ಆಕೆ ತೀರಿಕೊಂಡಳು.

ಆ ಹದಿನೆಂಟು ತಿಂಗಳು ನನ್ನನ್ನು ಬಿಡಲಿಲ್ಲ. ಕನ್ನಡ ಪಾಠ ಹೇಳುವವನಿಗೆ ಉಚಿತವಲ್ಲದ ಪುಸ್ತಕಗಳನ್ನೆಲ್ಲ ಓದಲಾರಂಭಿಸಿದೆ. ಸ್ತ್ರೀಯರ ಏಡಿಗಂತಿಗೆಂದೇ ಮೀಸಲಾದ ವೈದ್ಯರು ಏಕೆ ಬೇಕಾದರೆಂಬುದು ಹಾಗೆ ತಿಳಿಯಿತು. ವಿಯೆನ್ನಾದ ಎರ್ನ್ಸ್ಟ್ ವರ್ಟ್‌ಹೈಮ್ ೧೮೯೮ರಲ್ಲಿ ಗರ್ಭಕೋಶವನ್ನು ಸುತ್ತಣ ಊತಕಗಳ ಸಮೇತ ತೆಗೆಯುವ ಶಸ್ತ್ರಕ್ರಿಯೆಯನ್ನು ಆರಂಭಿಸಿದ. ಅದೇ ವರ್ಷ ಪ್ಯಾರಿಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದರು. ಕತ್ತಿಯೋ ಕಿರಣವೋ ಎಂಬ ವಾದ ಹಲವು ದಶಕಗಳು ನಡೆಯಿತು. ಹೆರಿಗೆ ಮಾಡಿಸುವವರಿಗೆ ಕಿರಣದ ಅಳತೆ ತಿಳಿಯದು. ಕಿರಣ ಬಲ್ಲವರಿಗೆ ಗರ್ಭಕೋಶದ ಪಕ್ಕದಲ್ಲೇ ಹಾದುಹೋಗುವ ಮೂತ್ರನಾಳದ ಪರಿಚಯ ಸಾಲದು. ಎರಡನ್ನೂ, ಮುಂದೆ ಬಂದ ಔಷಧಗಳ ಚಿಕಿತ್ಸೆಯನ್ನೂ ಒಬ್ಬರೇ ಅರಿತು ಯಾವ ರೋಗಿಗೆ ಯಾವುದು ಎಂದು ನಿರ್ಣಯಿಸಬೇಕೆಂಬ ವಿಚಾರ ಮೆಲ್ಲನೆ ಬಲಿಯಿತು. ಅಮೆರಿಕದಲ್ಲಿ ಇಂಥ ವೈದ್ಯರ ಸಂಘ ಹುಟ್ಟಿದುದು ೧೯೬೯ರಲ್ಲಿ. ಅಂಡಾಶಯದ ಏಡಿಗಂತಿಯಲ್ಲಂತೂ ಈ ವಿಶೇಷ ಶಿಕ್ಷಣದ ಬೆಲೆ ಬಹಳ. ಅದು ಹೊಟ್ಟೆಯುಬ್ಬರದಂತೆ, ಅಜೀರ್ಣದಂತೆ ನಟಿಸುತ್ತದೆ. ಮೊದಲ ಶಸ್ತ್ರಕ್ರಿಯೆಯಲ್ಲಿ ಗಂತಿಯನ್ನು ಎಷ್ಟು ಪೂರ್ಣವಾಗಿ ತೆಗೆದರೆಂಬುದರ ಮೇಲೆ ರೋಗಿಯ ಆಯುಸ್ಸು ಬಹುಮಟ್ಟಿಗೆ ನಿಂತಿದೆ.

ನಮ್ಮ ದೇಶದಲ್ಲಿ ಈ ದಾರಿ ಹಿಡಿದವರೊಳಗೆ ನನ್ನ ಮನಸ್ಸನ್ನು ಸೆಳೆದವರು ಮದರಾಸಿನ ಡಾಕ್ಟರ್ ವಿ. ಶಾಂತಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ತಂಗಿಯನ್ನು ಏಡಿಗಂತಿಗೆ ಕಳೆದುಕೊಂಡವರು. ಅವರ ಛಲದಿಂದ ೧೯೫೪ರಲ್ಲಿ ಅಡಯಾರಿನಲ್ಲಿ ಹನ್ನೆರಡು ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಮರುವರ್ಷ ಶಾಂತಾ ಅವರು ಪ್ರಸೂತಿಶಾಸ್ತ್ರದಲ್ಲಿ ಎಂ.ಡಿ. ಪದವಿ ಪಡೆದರು. ಸರ್ಕಾರದ ಹೆರಿಗೆ ಆಸ್ಪತ್ರೆಯ ಹುದ್ದೆ ಕೈಗೆ ಬಂದಿದ್ದಾಗ ಅದನ್ನು ಬಿಟ್ಟು ಈ ಹನ್ನೆರಡು ಹಾಸಿಗೆಗಳ ಬಳಿಗೆ ನಡೆದರು. ಹುಟ್ಟಿನ ಬಾಗಿಲಲ್ಲಿ ನಿಲ್ಲಬಹುದಾಗಿದ್ದ ವಿದುಷಿ ಸಾವಿನ ಹೊಸ್ತಿಲಿಗೆ ಹೋಗಿ ನಿಂತರಲ್ಲ ಎಂದು ಹಲವರಿಗೆ ಅಚ್ಚರಿ. ೨೦೨೧ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸಂಸ್ಥೆಯನ್ನು ಬಿಡಲಿಲ್ಲ. ನಮ್ಮ ರಾಜ್ಯದಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಬೆಂಗಳೂರಿನಲ್ಲಿ ಬಾಗಿಲು ತೆರೆದುದು ೧೯೭೩ರಲ್ಲಿ.

ನಮ್ಮ ಜಿಲ್ಲೆಯ ಇನ್ನೊಬ್ಬರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ತೀರ್ಥಹಳ್ಳಿಯಲ್ಲಿ ೧೯೩೪ರಲ್ಲಿ ಹುಟ್ಟಿದ ವೈದ್ಯೆ ಅನುಪಮಾ ನಿರಂಜನ ಈ ಶಾಖೆಯ ತಜ್ಞೆಯಲ್ಲ. ಆದರೆ ಹೆಣ್ಣಿನ ಒಡಲಿನ ವಿಷಯವನ್ನು ನಾಚದೆ, ನಾಚಿಸದೆ ಕನ್ನಡದಲ್ಲಿ ಬರೆಯಬಹುದೆಂದು ತೋರಿಸಿದವರು. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಎಷ್ಟು ಮನೆಗಳಲ್ಲಿ ಸೀರೆಗಳ ಮಡಿಕೆಯೊಳಗೆ ಇದ್ದವೋ! ಅವರೇ ೧೯೯೧ರಲ್ಲಿ ಏಡಿಗಂತಿಗೆ ತುತ್ತಾದರು.

ದೊಡ್ಡಮ್ಮನ ರೋಗದ ಕಾರಣ ಆಕೆ ಹೋದ ಮೇಲೆ ಬೆಳಕಿಗೆ ಬಂದಿತು. ೧೯೮೩ರಲ್ಲಿ ಜರ್ಮನಿಯ ಹರಾಲ್ಡ್ ತ್ಸೂರ್ ಹೌಸನ್ ಮತ್ತು ಸಂಗಡಿಗರು ಗರ್ಭಕೋಶದ ಕೊರಳಿನ ಗಂತಿಯಲ್ಲಿ ಪ್ಯಾಪಿಲೋಮಾ ವೈರಸ್ಸಿನ ಒಂದು ಬಗೆಯನ್ನು ಗುರುತಿಸಿದರು. ೨೦೦೮ರಲ್ಲಿ ಅವರಿಗೆ ನೊಬೆಲ್ ಬಂದಿತು. ಈ ವೈರಸ್ಸು ಬಹುಪಾಲು ಸ್ತ್ರೀಯರಲ್ಲಿ ತಾನಾಗಿ ಮಾಯವಾಗುತ್ತದೆ. ಕೆಲವರಲ್ಲಿ ಉಳಿದು ಹತ್ತು, ಹದಿನೈದು ವರ್ಷ ನಿಧಾನವಾಗಿ ಕೆಲಸ ಮಾಡುತ್ತದೆ. ಅಂದರೆ ಭೂಮಿಹುಣ್ಣಿಮೆಯ ದಿನ ಕಂಡ ರಕ್ತ ರೋಗದ ಆರಂಭವಾಗಿರಲಿಲ್ಲ. ಅದಕ್ಕೆ ಮುಂಚಿನ ಹತ್ತು ಹುಣ್ಣಿಮೆಗಳಲ್ಲಿ ಯಾರಾದರೂ ನೋಡಿದ್ದರೆ ಅದನ್ನು ನಿಲ್ಲಿಸಬಹುದಾಗಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗೆ ಮುಂಚಿತವಾಗಿ ನೋಡುವ ವಿಧಾನವನ್ನು ಅರಸಿದವರ ದೊಡ್ಡ ಪ್ರಯೋಗ ನಡೆದುದು ದೂರದ ದೇಶದಲ್ಲಿ ಅಲ್ಲ, ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿದ ಉಸ್ಮಾನಾಬಾದಿನಲ್ಲಿ. ಶಂಕರನಾರಾಯಣನ್ ಎಂಬ ವೈದ್ಯರ ನೇತೃತ್ವದಲ್ಲಿ ೧,೩೧,೭೪೬ ಗ್ರಾಮೀಣ ಸ್ತ್ರೀಯರನ್ನು ಅದರಲ್ಲಿ ಸೇರಿಸಿಕೊಂಡಿದ್ದರು. ಆ ವೈರಸ್ಸಿನ ಪರೀಕ್ಷೆಯನ್ನು ಬಾಳಿನಲ್ಲಿ ಒಂದೇ ಒಂದು ಸಲ ಮಾಡಿದರೂ ಈ ರೋಗದ ಸಾವು ಸುಮಾರು ಅರ್ಧಕ್ಕೆ ಇಳಿಯುವುದೆಂದು ೨೦೦೯ರಲ್ಲಿ ಪ್ರಕಟವಾಯಿತು. ಪ್ರಯೋಗದ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಯಾವ ತಪಾಸಣೆಯನ್ನೂ ಮಾಡಲಿಲ್ಲವೆಂಬುದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಡೆದುದು ನ್ಯಾಯವೇ. ಆ ಗುಂಪಿನ ಹೆಂಗಸರೂ ಯಾರದೋ ದೊಡ್ಡಮ್ಮಂದಿರು.

ಇನ್ನೊಂದು ಪರೀಕ್ಷೆ ನಂಬಲಾರದಷ್ಟು ಸರಳ. ಉಪ್ಪಿನಕಾಯಿ ಕೆಡದಂತೆ ಕೆಲವರು ಬೆರೆಸುವ ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲವನ್ನೇ ತೆಳುವಾಗಿ ಗರ್ಭಕೋಶದ ಕೊರಳಿಗೆ ಸವರಿ ಒಂದು ನಿಮಿಷ ಕಾಯುವುದು. ಕೆಟ್ಟ ಜೀವಕೋಶಗಳಿರುವ ಭಾಗ ಬೆಳ್ಳಗಾಗುತ್ತದೆ. ತರಬೇತಿ ಪಡೆದ ದಾದಿಯೂ ಇದನ್ನು ಮಾಡಬಲ್ಲಳು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಗೆ ಮಾಡಿದುದು ಇದನ್ನೇ. ಶಿಬಿರಕ್ಕೆ ಹೋಗಲು ಅವಳೂ ಹಿಂಜರಿದಳು. “ನನಗೇನೂ ಆಗಿಲ್ಲವಲ್ಲ ಅಣ್ಣಯ್ಯ” ಎಂದಳು. “ಏನೂ ಆಗದವರಿಗೇ ಇದು” ಎಂದು ನಾನು ಹೇಳಿದೆ. ದೊಡ್ಡಮ್ಮನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಒಂದು ಕಡೆ ಬೆಳ್ಳಗಾಗಿತ್ತು. ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಈ ಶಾಖೆಯಲ್ಲೇ ತರಬೇತಿ ಪಡೆದ ತರುಣ ವೈದ್ಯೆ ಚೂರು ತೆಗೆದು ಪರೀಕ್ಷಿಸಿ, ಏಡಿಗಂತಿ ಇನ್ನೂ ಆಗಿಲ್ಲ, ಆಗಬಹುದಾಗಿತ್ತು ಎಂದರು. ಆ ಭಾಗವನ್ನು ತೆಗೆದುಹಾಕುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕೆಂದು ಕಟ್ಟುನಿಟ್ಟಾಗಿ ಹೇಳಿ ಕಳುಹಿಸಿದರು.

ಹಿಂತಿರುಗುವಾಗ ತಂಗಿ ನಮ್ಮ ಮನೆಯಲ್ಲಿ ಉಳಿಯದೆ ತನ್ನೂರಿಗೇ ಹೊರಟಳು. ನಾನೂ ಜೊತೆಗೆ ಹೋದೆ. ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗ ಅವಳು ಸರಸರನೆ ಕೆಳಗಿಳಿದಳು. ಏನೋ ಸಂಕಟವಾಯಿತೆಂದು ನಾನು ಗಾಬರಿಯಿಂದ ಹಿಂದೆಯೇ ಓಡಿದೆ. ಅವಳು ಅಂಗಡಿಯೊಂದರ ಮುಂದೆ ನಿಂತು ಹಸಿಶುಂಠಿಯ ಬೆಲೆ ಹೆಚ್ಚಾಯಿತೆಂದು ಜಗಳವಾಡುತ್ತಿದ್ದಳು.