ಡಿಜಿಟಲ್ ಸಹಿಯ ಹಿಂದಿರುವ 617 ಅಂಕಿಗಳ ಸಂಖ್ಯೆ

ಕಂಪನಿಗಳ ವಾರ್ಷಿಕ ವಿವರಣಾ ಪತ್ರ, ಜಿಎಸ್‌ಟಿ ರಿಟರ್ನ್, ಇ-ಟೆಂಡರ್ ಮುಂತಾದವುಗಳಿಗೆ ಇಂದು ಡಿಜಿಟಲ್ ಸಹಿ ಅನಿವಾರ್ಯವಾಗಿದೆ. ಆದರೆ ಆ ಸಹಿಗೆ ಬಲ ಬಂದಿರುವುದು ಎಲ್ಲಿಂದ ಎಂಬುದನ್ನು ನಮ್ಮ ವರ್ತಕ ಬಂಧುಗಳಲ್ಲಿ ಅನೇಕರು ಗಮನಿಸಿರಲಾರರು. ಬಹುಪಾಲು ಬಳಕೆಯಲ್ಲಿರುವ ಆರ್‌ಎಸ್‌ಎ ಪದ್ಧತಿಯಲ್ಲಿ ಅದರ ಮೂಲ ಒಂದು ಬೃಹತ್ ಸಂಯುಕ್ತ ಸಂಖ್ಯೆ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ

89 ಮತ್ತು 97 ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 8,633 ದೊರೆಯುತ್ತದೆ. ಇದು ಕ್ಷಣಮಾತ್ರದ ಕೆಲಸ. ಆದರೆ 8,633ನ್ನು ಮಾತ್ರ ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ಒಂದೊಂದಾಗಿ ಭಾಗಿಸಿ ನೋಡಬೇಕಾಗುತ್ತದೆ. ಸಂಖ್ಯೆ ಬೆಳೆದಂತೆ ಈ ಅಂತರವೂ ಅಗಾಧವಾಗಿ ಬೆಳೆಯುತ್ತದೆ.

1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ವಿದ್ವಾಂಸರು ಈ ಗುಣವನ್ನೇ ಆಧರಿಸಿ ಆರ್‌ಎಸ್‌ಎ ಪದ್ಧತಿಯನ್ನು ರೂಪಿಸಿದರು. ಅದೇ ವರ್ಷ ಅವರು ಸವಾಲಾಗಿ ಮುಂದಿಟ್ಟ 129 ಅಂಕಿಗಳ ಸಂಖ್ಯೆಯನ್ನು ಒಡೆಯಲು 1994ರವರೆಗೆ ಕಾಯಬೇಕಾಯಿತು. ಸುಮಾರು 600 ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ಆ ಕಾರ್ಯಕ್ಕೆ ತೊಡಗಿಸಿದ್ದರು. 250 ಅಂಕಿಗಳ ಇನ್ನೊಂದು ಸವಾಲು ಸಂಖ್ಯೆ 2020ರಲ್ಲಿ ಒಡೆಯಿತು. ಇಂದಿನ ಸಹಿಗಳಲ್ಲಿ ಬಳಸುವುದು 2048 ಬಿಟ್‌ನ, ಎಂದರೆ 617 ಅಂಕಿಗಳ ಸಂಖ್ಯೆ.

ಒಂದು ಚಿಕ್ಕ ಲೆಕ್ಕ

ಸಹಿಯ ಕ್ರಮವನ್ನು ಸಣ್ಣ ಸಂಖ್ಯೆಗಳಿಂದ ತಿಳಿಯೋಣ. 3 × 11 = 33. ಎರಡೂ ಅಪವರ್ತನಗಳಿಂದ ಒಂದೊಂದು ಕಳೆದು ಗುಣಿಸಿದರೆ 2 × 10 = 20. ಈಗ 3 ಮತ್ತು 7ನ್ನು ಆರಿಸಿಕೊಂಡರೆ ಅವುಗಳ ಗುಣಲಬ್ಧ 21; ಅದನ್ನು 20ರಿಂದ ಭಾಗಿಸಿದರೆ ಶೇಷ 1. ಇಲ್ಲಿ 33 ಮತ್ತು 3 ಬಹಿರಂಗ ಕೀಲಿ. 7 ರಹಸ್ಯ ಕೀಲಿ.

ದಾಖಲೆಯ ಸಾರಾಂಶ 4 ಎಂದಿಟ್ಟುಕೊಳ್ಳಿ. 4ರ 7ನೇ ಘಾತ 16,384. ಅದನ್ನು 33ರಿಂದ ಭಾಗಿಸಿದಾಗ ಉಳಿಯುವ ಶೇಷ 16. ಇದೇ ಸಹಿ. ಪರಿಶೀಲಿಸುವವರು 16ರ 3ನೇ ಘಾತವಾದ 4,096ನ್ನು 33ರಿಂದ ಭಾಗಿಸುತ್ತಾರೆ. ಶೇಷ ಮತ್ತೆ 4. ಲೆಕ್ಕ ತಾಳೆಯಾಯಿತು. ದಾಖಲೆಯನ್ನು ತಿದ್ದಿದರೆ ಸಾರಾಂಶ ಬದಲಾಗಿ ತಾಳೆ ತಪ್ಪುತ್ತದೆ. 33ನ್ನು ಒಡೆಯಬಲ್ಲವನು 20ನ್ನು ಕಂಡುಕೊಂಡು ರಹಸ್ಯ ಕೀಲಿಯನ್ನೂ ಪಡೆಯುತ್ತಾನೆ. 617 ಅಂಕಿಗಳಿಗೆ ಇಂದಿನ ಗಣಕಯಂತ್ರಗಳಿಂದ ಅದು ಸಾಧ್ಯವಾಗಿಲ್ಲ. ಸಾಕಷ್ಟು ಶಕ್ತಿಯ ಕ್ವಾಂಟಂ ಗಣಕಯಂತ್ರ ಬಂದರೆ ಸ್ಥಿತಿ ಬದಲಾಗುವುದರಿಂದ, ಅಮೆರಿಕದ ಮಾನಕ ಸಂಸ್ಥೆಯು 2024ರಲ್ಲಿ ಹೊಸ ಪದ್ಧತಿಗಳನ್ನು ಪ್ರಕಟಿಸಿದೆ.

ದುರ್ಬಲ ಕೊಂಡಿ ಯಾವುದು?

ನನ್ನ ಕಕ್ಷಿದಾರರೊಬ್ಬರು ತಮ್ಮ ಟೋಕನ್‌ಗೆ ಪಿನ್ ಬರೆದ ಚೀಟಿಯನ್ನು ಅಂಟಿಸಿ ಗುಮಾಸ್ತನ ಮೇಜಿನ ಮೇಲಿಟ್ಟಿದ್ದರು. ಆತ ಕೆಲಸ ಬಿಟ್ಟುಹೋದ ಬಳಿಕ ಅವರಿಗೆ ತಿಳಿಯದ ನಮೂನೆಯೊಂದು ಅವರದೇ ಸಹಿಯೊಡನೆ ಸಲ್ಲಿಕೆಯಾಗಿರುವುದು ಕಂಡುಬಂತು. 617 ಅಂಕಿಗಳ ಕೋಟೆಗೆ ಯಾರೂ ಲಗ್ಗೆ ಹಾಕಬೇಕಾಗಲಿಲ್ಲ, ಬಾಗಿಲೇ ತೆರೆದಿತ್ತು.

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 42ನೇ ಕಲಮಿನ ಪ್ರಕಾರ ರಹಸ್ಯ ಕೀಲಿಯನ್ನು ಜೋಪಾನವಾಗಿಡುವುದು ಸಹಿದಾರನ ಕರ್ತವ್ಯ. ಅದು ಪರರ ವಶವಾದಾಗ ಪ್ರಮಾಣೀಕರಣ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸಬೇಕು. ತಿಳಿಸುವವರೆಗೆ ಹೊಣೆ ಸಹಿದಾರನದೇ. ಆದುದರಿಂದ ಸದಸ್ಯರು ಈ ಮೂರನ್ನು ಪಾಲಿಸುವುದು ಒಳಿತು:

1. ಟೋಕನ್ ಮತ್ತು ಪಿನ್ ಒಂದೇ ಕಡೆ ಇರಬಾರದು. ಲೆಕ್ಕಪರಿಶೋಧಕರ ಕಚೇರಿಯಲ್ಲೂ ಟೋಕನ್ ಬಿಟ್ಟುಬರಬಾರದು.
2. ಸಹಿ ಹಾಕುವ ಮುನ್ನ ದಾಖಲೆಯನ್ನು ಸ್ವತಃ ಓದಬೇಕು.
3. ಟೋಕನ್ ಕಳೆದರೆ ಅಥವಾ ಸಂಶಯ ಬಂದರೆ ಅಂದೇ ಸಹಿಯನ್ನು ರದ್ದುಪಡಿಸಲು ಲಿಖಿತವಾಗಿ ಕೋರಬೇಕು.

ಸಹಿ ಹಾಕಿದ ಖಾಲಿ ಚೆಕ್ಕನ್ನು ನಾವು ಯಾರ ಕೈಗೂ ಕೊಡುವುದಿಲ್ಲ. ಟೋಕನ್‌ಗೂ ಅದೇ ಎಚ್ಚರ ಸಲ್ಲಬೇಕು.