ವಿಮಾನಕ್ಕೆ ನಿವೃತ್ತಿ, ಹಾರಿಸಿದವನಿಗೆ?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ನಮ್ಮ ವಾಯುಪಡೆ ವಿದಾಯ ಹೇಳಿತು. 1963ರಲ್ಲಿ ಅದೇ ಚಂಡೀಗಢದಲ್ಲಿ ಸೇವೆಗೆ ಸೇರಿದ ವಿಮಾನ ಅದು. ಒಟ್ಟು 62 ವರ್ಷಗಳ ಚಾಕರಿ. ಕೊನೆಯ ಹಾರಾಟದಲ್ಲಿ ವಾಯುಪಡೆಯ ಮುಖ್ಯಸ್ಥರಾದ ಏರ್ ಚೀಫ್ ಮಾರ್ಷಲ್ ಎ. ಪಿ. ಸಿಂಗ್ ಅವರೇ ಒಂದು ಮಿಗ್ ಏರಿದ್ದರು. ಪತ್ರಿಕೆಗಳಲ್ಲಿ ಅದರ ಯುದ್ಧಗಳ ಗುಣಗಾನವೂ ಬಂತು, ಅಪಘಾತಗಳ ಲೆಕ್ಕವೂ ಬಂತು. ನಮ್ಮ ಬಳಗದ ಧಾರವಾಡದ ಗೆಳೆಯನೊಬ್ಬ ಮಾತ್ರ ಬೇರೆಯದೇ ಪ್ರಶ್ನೆ ಎತ್ತಿದ: "ವಿಮಾನ ರಿಟೈರ್ ಆತು, ಖರೆ. ಅದನ್ನ ಹಾರಸ್ತಿದ್ದವರು ಏನ್ ಮಾಡಬೇಕಪಾ? ಅವರಿಗೂ ಪೆನ್ಶನ್ ಕೊಟ್ಟು ಮನಿಗೆ ಕಳಸ್ತಾರೇನು?"

ಪುಣೆಯಲ್ಲಿರುವ ನಮಗೆ ಲೋಹೆಗಾಂವದಿಂದ ಸುಖೋಯ್ ಎದ್ದಾಗ ಅರ್ಧಕ್ಕೇ ಮಾತು ನಿಲ್ಲಿಸಿ ರೂಢಿ. ಆದರೆ ಒಳಗೆ ಕೂತವನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಾಗಾಗಿ ಈ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಉತ್ತರ ಸರಳ. ವಿಮಾನಕ್ಕೆ ನಿವೃತ್ತಿಯಾದರೆ ಪೈಲಟನಿಗೆ ಆಗುವುದಿಲ್ಲ. ಆತ ಮತ್ತೆ ವಿದ್ಯಾರ್ಥಿಯಾಗುತ್ತಾನೆ. ಇದಕ್ಕೆ ವಾಯುಪಡೆಯಲ್ಲಿ ಕನ್ವರ್ಷನ್ ಅಂತ ಹೆಸರು. ಸಾವಿರಾರು ಗಂಟೆ ಹಾರಿದವನೂ ಪುನಃ ತರಗತಿಯಲ್ಲಿ ಕೂರಬೇಕು. ಹೊಸ ವಿಮಾನದ ಎಂಜಿನ್ನು, ಇಂಧನ, ವಿದ್ಯುತ್ತು ಎಲ್ಲದರ ಪಾಠ ಆಗಬೇಕು, ಪರೀಕ್ಷೆ ಬರೆಯಬೇಕು. ತುರ್ತು ಸಮಯದ ಕ್ರಮಗಳನ್ನಂತೂ ಬಾಯಿಪಾಠ ಮಾಡಲೇಬೇಕು, ಏಕೆಂದರೆ ಎಂಜಿನ್ನಿಗೆ ಬೆಂಕಿ ಬಿದ್ದಾಗ ಪುಸ್ತಕ ತೆಗೆದು ನೋಡಲು ವೇಳೆ ಇರುವುದಿಲ್ಲ. ಆಮೇಲೆ ನೆಲದ ಮೇಲಿನ ಸಿಮ್ಯುಲೇಟರ್, ಆಮೇಲೆ ಎರಡು ಸೀಟಿನ ವಿಮಾನದಲ್ಲಿ ಶಿಕ್ಷಕನೊಡನೆ ಹಾರಾಟ, ಅನಂತರ ಒಂಟಿ ಹಾರಾಟ. ಇಷ್ಟಾದರೂ ಆತ ಯುದ್ಧಕ್ಕೆ ಸಿದ್ಧನಲ್ಲ. ರಾತ್ರಿ ಹಾರಾಟ, ಗುಂಪು ಹಾರಾಟ, ಶಸ್ತ್ರಪ್ರಯೋಗ ಒಂದೊಂದನ್ನೂ ಹೊಸದಾಗಿ ಮಾಡಿ ತೋರಿಸಬೇಕು. ಕಲಿಸುವವನು ಕೆಲವೊಮ್ಮೆ ವಯಸ್ಸಿನಲ್ಲಿ ಚಿಕ್ಕವನೇ ಆಗಿರಬಹುದು.

ಕಲಿಯುವುದಕ್ಕಿಂತ ಕಷ್ಟ ಮರೆಯುವುದು. ಹಳೆ ಬಸ್ಸಿನ ಗೇರು ಕೈಗೆ ಕೂತ ಡ್ರೈವರು ಹೊಸ ಬಸ್ಸಿನಲ್ಲೂ ಅದೇ ಜಾಗಕ್ಕೆ ಕೈ ಹಾಕುತ್ತಾನಲ್ಲ, ಹಾಗೆ. ಮಿಗ್-21ರಲ್ಲಿ ಚಕ್ರದ ಬ್ರೇಕು ಕೈಯಲ್ಲಿ ಹಿಡಿಯುವ ಕಡ್ಡಿಯ ಮೇಲಿನ ಒಂದು ಲಿವರು. ಜಾಗ್ವಾರ್‌ನಲ್ಲಿ ಬ್ರೇಕು ಕಾಲ್ಬೆರಳಲ್ಲಿ ಒತ್ತುವ ಪೆಡಲು. ಸೋವಿಯತ್ ವಿಮಾನದಲ್ಲಿ ಎತ್ತರ ಮೀಟರಿನಲ್ಲಿ, ವೇಗ ಕಿಲೋಮೀಟರಿನಲ್ಲಿ. ಜಾಗ್ವಾರ್‌ನಲ್ಲಿ ಅಡಿ ಮತ್ತು ನಾಟ್. ಮಿಗ್-21 ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟುತ್ತಿತ್ತು. ಅಲ್ಲಿ ಒಬ್ಬನೇ ಮನುಷ್ಯ, ಒಂದೇ ಎಂಜಿನ್ನು. ಅದನ್ನು ಬಿಟ್ಟು ಸುಖೋಯ್-30ಕ್ಕೆ ಹೋದವನಿಗೆ ಎರಡು ಎಂಜಿನ್ನು, ಹಿಂದಿನ ಸೀಟಿನಲ್ಲಿ ಇನ್ನೊಬ್ಬ. ಎಲ್ಲವನ್ನೂ ತಾನೇ ನೋಡಿಕೊಂಡು ಅಭ್ಯಾಸವಾದವನು ಈಗ ಮಾತಾಡಿ ಕೆಲಸ ಹಂಚಿಕೊಳ್ಳಬೇಕು. ಶಾಂತವಾಗಿದ್ದಾಗ ಇದೆಲ್ಲ ನೆನಪಿರುತ್ತದೆ. ಗಾಬರಿಯಾದಾಗ ಕೈ ಹಳೆಯ ಜಾಗಕ್ಕೇ ಓಡುತ್ತದೆ. ಕನ್ವರ್ಷನ್ ತರಬೇತಿಯ ಕಾಲು ಭಾಗ ಕಲಿಕೆಯಾದರೆ ಮುಕ್ಕಾಲು ಈ ಓಟವನ್ನು ತಡೆಯುವುದೇ ಇರಬೇಕು ಅಂತ ನನಗನ್ನಿಸುತ್ತದೆ.

ನೌಕಾಪಡೆಯ ಉದಾಹರಣೆ ಇನ್ನೂ ಸ್ವಾರಸ್ಯದ್ದು. 2016ರ ಮೇ 11ರಂದು ಗೋವೆಯಲ್ಲಿ ಸೀ ಹ್ಯಾರಿಯರ್ ವಿಮಾನಗಳು ನಿವೃತ್ತಿಯಾದವು. ಅವುಗಳ ಸ್ಕ್ವಾಡ್ರನ್ನಾದ 300ಕ್ಕೆ ಅವತ್ತೇ ಮಿಗ್-29ಕೆ ಬಂತು. ಹ್ಯಾರಿಯರ್ ಹಡಗಿನ ಪಕ್ಕ ಆಕಾಶದಲ್ಲೇ ನಿಂತು, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಮಿಗ್-29ಕೆ ರಭಸದಿಂದ ಬಂದು ಬಾಲದ ಕೊಕ್ಕೆಗೆ ಹಡಗಿನ ಮೇಲಿನ ತಂತಿ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಮೊದಲನೆಯದು ನಿಂತು ಇಳಿಯುವುದು, ಎರಡನೆಯದು ಇಳಿದು ನಿಲ್ಲುವುದು. ಒಂದರಿಂದ ಇನ್ನೊಂದಕ್ಕೆ ಹೋಗುವವನ ಪಾಡು ಊಹಿಸಿಕೊಳ್ಳಿ!

ಎಲ್ಲರಿಗೂ ಹೊಸ ವಿಮಾನ ಸಿಗುತ್ತದೆಯೇ? ಇಲ್ಲ. ಕನ್ವರ್ಷನ್ ಬಹಳ ದುಬಾರಿ. ಇನ್ನೂ ಹೆಚ್ಚು ವರ್ಷ ಹಾರಬಲ್ಲ ಎಳೆಯರಿಗೆ ಅದರಲ್ಲಿ ಮೊದಲ ಮಣೆ. ಉಳಿದವರ ದಾರಿಗಳು ಹಲವು. ಕೆಲವರು ಚೆನ್ನೈ ಬಳಿಯ ತಾಂಬರಂನಲ್ಲಿರುವ ಶಿಕ್ಷಕರ ಶಾಲೆಯಲ್ಲಿ ಕಲಿತು ಹೊಸಬರಿಗೆ ಹಾರಾಟ ಹೇಳಿಕೊಡುತ್ತಾರೆ. ನಮ್ಮ ಬೀದರಿನಲ್ಲಿ ಹಾಕ್ ವಿಮಾನಗಳ ಮೇಲೆ ತರುಣರನ್ನು ಪಳಗಿಸುವವರೂ ಹೀಗೆ ಬೇರೆ ಬೇರೆ ಯುದ್ಧವಿಮಾನಗಳಿಂದ ಬಂದವರೇ. ಕೆಲವರು ಬೆಂಗಳೂರಿನಲ್ಲಿ ಪರೀಕ್ಷಾ ಪೈಲಟ್‌ಗಳಾಗುತ್ತಾರೆ. 1971ರ ಯುದ್ಧದಲ್ಲಿ ಮಿಗ್-21 ಹಾರಿಸಿದ ರಾಕೇಶ್ ಶರ್ಮಾ 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದು, ಅನಂತರ ಎಚ್.ಎ.ಎಲ್.ನಲ್ಲಿ ಪರೀಕ್ಷಾ ಪೈಲಟ್ಟಾಗಿ ನಾಸಿಕದಲ್ಲೂ ಬೆಂಗಳೂರಿನಲ್ಲೂ ದುಡಿದರು. ಇನ್ನು ಕೆಲವರ ಪಾಲಿಗೆ ಮೇಜಿನ ಕೆಲಸ, ಅಥವಾ ನೆಲದಲ್ಲಿ ಕೂತು ನಡೆಸುವ ಪೈಲಟ್‌ರಹಿತ ವಿಮಾನ. ಪಿಂಚಣಿಗೆ ಬೇಕಾದ 20 ವರ್ಷ ಮುಗಿದವರು ಏರ್‌ಲೈನ್ಸಿಗೂ ಹೋಗಬಹುದು. ಅಲ್ಲಿಯೂ ನೇರ ಪ್ರವೇಶವಿಲ್ಲ: ನಾಗರಿಕ ಪರವಾನಗಿಯ ಪರೀಕ್ಷೆಗಳು, ಮತ್ತೆ ಹೊಸ ವಿಮಾನದ ಕಲಿಕೆ.

ಜನ ಹೀಗೆ ಚೆದುರುತ್ತಾರೆ. ಸ್ಕ್ವಾಡ್ರನ್ನಿನ ಸಂಖ್ಯೆ ಮಾತ್ರ ಸಾಯುವುದಿಲ್ಲ. ವಿಮಾನ ಇಲ್ಲದಿದ್ದರೆ ಅದನ್ನು ನಂಬರ್ ಪ್ಲೇಟ್ ಮಾಡಿ, ಅಂದರೆ ಹೆಸರು, ಲಾಂಛನ, ಪರಂಪರೆಗಳನ್ನು ಕಾದಿಟ್ಟು, ವಿಮಾನ ಬಂದಾಗ ಜೀವ ಕೊಡುತ್ತಾರೆ. 2002ರಲ್ಲಿ ಮಿಗ್-21 ಬಿಟ್ಟು ಮಲಗಿದ 45ನೇ ಸ್ಕ್ವಾಡ್ರನ್ 2016ರಲ್ಲಿ ಬೆಂಗಳೂರಿನಲ್ಲಿ ತೇಜಸ್ ಜತೆ ಎದ್ದಿತು. ನಡುವೆ 14 ವರ್ಷ! 17ನೆಯದು 2016ರಲ್ಲಿ ಮಲಗಿ 2019ರಲ್ಲಿ ರಫೇಲ್‌ಗಾಗಿ ಎದ್ದಿತು. ಬಾರ್ಮೇರ್ ಬಳಿಯ ಉತ್ತರಲಾಯಿಯಲ್ಲಿದ್ದ 4ನೆಯದು ಅದೃಷ್ಟದ್ದು: 2023ರ ಅಕ್ಟೋಬರಿನಲ್ಲಿ ಮಿಗ್-21 ಹೋಗುತ್ತಲೇ ಸುಖೋಯ್ ಬಂತು.

ಸಂಖ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯಬಹುದು, ಕೈಯ ಪಳಗಿಕೆಯನ್ನು ಹಾಗೆ ಇಡಲಾಗದು. ಬ್ರಿಟನ್ನಿಗೆ ಇದು ಅನುಭವದಿಂದ ಗೊತ್ತಾಯಿತು. ಹಣ ಉಳಿಸಲು ಅವರು 2010ರ ಡಿಸೆಂಬರಿನಲ್ಲಿ ಹ್ಯಾರಿಯರ್‌ಗಳನ್ನು ಅವಧಿಗೆ ಮುನ್ನವೇ ತೆಗೆದುಹಾಕಿದರು. ಹಡಗಿನಿಂದ ಹಾರಿಸಲು ಬೇರೆ ಯುದ್ಧವಿಮಾನ ಇರಲಿಲ್ಲ. ವಿದ್ಯೆ ಪೂರ್ತಿ ಹೋದೀತೆಂದು ತಮ್ಮ ಪೈಲಟ್‌ಗಳನ್ನು ಅಮೆರಿಕಕ್ಕೆ ಕಳಿಸಿ, ಅಲ್ಲಿಯ ಹಡಗುಗಳಿಂದ ಹಾರ್ನೆಟ್ ವಿಮಾನ ಹಾರಿಸುವ ಏರ್ಪಾಡು ಮಾಡಬೇಕಾಯಿತು. 2018ರಲ್ಲಿ ಎಫ್-35 ಅವರ ಹೊಸ ಹಡಗಿನ ಮೇಲೆ ಇಳಿಯುವ ಹೊತ್ತಿಗೆ 8 ವರ್ಷ ಕಳೆದಿತ್ತು. ವಿದ್ಯೆ ಪರರ ಮನೆಯಲ್ಲಿ ಉಂಡು ಬದುಕಿಕೊಂಡಿತು.

ನಮ್ಮ ಲೆಕ್ಕ ಏನು? ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್ನುಗಳು 42. ಕೊನೆಯ ಮಿಗ್-21 ಹೋದಾಗ ಉಳಿದವು 29. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಗಿತ್ತು. ಅಮೆರಿಕದ ಎಂಜಿನ್ನುಗಳೂ ತಡವಾಗಿ, ಮಿಗ್ ವಿದಾಯದ ದಿನದವರೆಗೆ ಅವುಗಳಲ್ಲಿ ಒಂದೂ ವಾಯುಪಡೆಯ ಕೈಸೇರಿರಲಿಲ್ಲ. ವಿದಾಯದ ಹಿಂದಿನ ದಿನ ಇನ್ನೂ 97ಕ್ಕೆ ಸಹಿ ಬಿತ್ತು. ಮಿಗ್-21 ತಯಾರಿಸಿದ್ದ ನಾಸಿಕದ ಕಾರ್ಖಾನೆಯಿಂದಲೇ 2025ರ ಅಕ್ಟೋಬರ್ 17ರಂದು ಅಲ್ಲಿ ಜೋಡಿಸಿದ ಮೊದಲ ತೇಜಸ್ ಮಾರ್ಕ್-1ಎ ಹಾರಿದ್ದು ಸಮಾಧಾನದ ಸಂಗತಿ.

ಗೆಳೆಯನಿಗೆ ನಾನು ಹೇಳಿದ್ದಿಷ್ಟು: ಪೈಲಟ್ ಮನೆಗೆ ಹೋಗುವುದಿಲ್ಲ, ಆದರೆ ಕಾಯುತ್ತಾನೆ. ವಿಮಾನ ತಡವಾದಷ್ಟೂ ಹಾರಾಟದ ಗಂಟೆ ಕಡಿಮೆ, ಕೈ ಒರಟು. ಒಬ್ಬ ಹಳಬ ಮೇಜಿಗೆ ಅಥವಾ ಏರ್‌ಲೈನ್ಸಿಗೆ ಹೋದರೆ ಕಿರಿಯರಿಗೆ ಕಲಿಸುವ ಬಾಯಿ ಒಂದು ಕಡಿಮೆ. ಆದ್ದರಿಂದ ಮುಂದೆ ಜಾಗ್ವಾರ್ ನಿವೃತ್ತಿಯ ಸುದ್ದಿ ಓದುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಅದರ ಜಾಗಕ್ಕೆ ಬರುವ ವಿಮಾನ ಎಲ್ಲಿದೆ? ಅದನ್ನು ಹಾರಿಸಿದವರು ಈಗ ಯಾರಿಗೆ ಕಲಿಸುತ್ತಿದ್ದಾರೆ?