ಶಾಲ್ಮಲೆ ಕಡಲು ಸೇರುವ ಊರು

ಧಾರವಾಡ ನೀರು ಇಬ್ಭಾಗವಾಗುವ ನೆಲ. ಇಲ್ಲಿ ಪೂರ್ವದ ಇಳಿಜಾರಿಗೆ ಬಿದ್ದ ಮಳೆ ಮಲಪ್ರಭೆ, ಕೃಷ್ಣೆಯರ ಜತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಅರಬ್ಬಿ ಸಮುದ್ರದ ಪಾಲು. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಈ ಎರಡನೇ ದಾರಿ ಹಿಡಿದವಳು. ಊರಿನ ಜನ ಅವಳನ್ನು ಗುಪ್ತಗಾಮಿನಿ ಎನ್ನುತ್ತಾರೆ. ಕಲಘಟಗಿಯ ಕಡೆಗೆ ಹರಿದು ಬೇಡ್ತಿಯಾಗಿ, ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರು ಪಡೆದು ಅವಳು ಕಡಲು ಸೇರುತ್ತಾಳೆ. ಸೇರುವ ಜಾಗದಲ್ಲಿ ಎರಡು ಮೀನುಗಾರರ ಊರುಗಳಿವೆ. ಉತ್ತರ ದಂಡೆಯಲ್ಲಿ ಅಂಕೋಲಾ ತಾಲ್ಲೂಕಿನ ಮಂಜಗುಣಿ, ದಕ್ಷಿಣ ದಂಡೆಯಲ್ಲಿ ಕುಮಟಾ ತಾಲ್ಲೂಕಿನ ಗಂಗಾವಳಿ. ಹುಬ್ಬಳ್ಳಿ–ಧಾರವಾಡದವರು ಒಂದು ದಿನ ಬಿಡುವು ಮಾಡಿಕೊಂಡು ನೋಡಲೇಬೇಕಾದ ಊರುಗಳಿವು.

ದಾರಿಯೇ ಅರ್ಧ ಪ್ರವಾಸ. ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 140 ಕಿಲೋಮೀಟರ್. ಕಲಘಟಗಿ ದಾಟುವವರೆಗೆ ಗೋವಿನಜೋಳ, ಭತ್ತದ ಹೊಲಗಳು ಜತೆಗಿರುತ್ತವೆ. ಆಮೇಲೆ ಸಾಗವಾನಿ ಕಾಡು, ಯಲ್ಲಾಪುರ, ಅರಬೈಲ್ ಘಟ್ಟದ ತಿರುವುಗಳು. ಘಟ್ಟ ಇಳಿಯುತ್ತಿದ್ದಂತೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ, ಅಡಿಕೆಯ ಜಾಗಕ್ಕೆ ತೆಂಗು ಬರುತ್ತದೆ. ಗುಳ್ಳಾಪುರದಿಂದ ಮುಂದೆ ನದಿ ಆಗಾಗ ರಸ್ತೆಯ ಪಕ್ಕಕ್ಕೇ ಬಂದು ಮುಖ ತೋರಿಸುತ್ತದೆ. 2021ರ ಜುಲೈ ಮಳೆಯಲ್ಲಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋದ ನದಿಯಿದು. ಬೇಸಿಗೆಯಲ್ಲಿ ನೋಡಿದವರಿಗೆ ಆ ಮಾತು ನಂಬಲಿಕ್ಕೂ ಆಗದು.

ಈ ದಾರಿ ಇಂದು ನಿನ್ನೆಯದಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಯಂಥ ಬಂದರುಗಳಿಂದ ಹಡಗು ಹತ್ತುತ್ತಿದ್ದ ಆ ಹತ್ತಿ ದೂರದ ಲಿವರ್‌ಪೂಲಿನಲ್ಲಿ ‘ಕುಮಟಾ’ ಎಂಬ ಹೆಸರಿನಲ್ಲೇ ಬಿಕರಿಯಾಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಇದೇ ಹೆದ್ದಾರಿಯಲ್ಲಿ ಬಳ್ಳಾರಿ ಅದಿರಿನ ಲಾರಿಗಳು ಸಾಲುಗಟ್ಟಿ ಬೇಲೆಕೇರಿ ಬಂದರಿಗೆ ಇಳಿದವು. ಅಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ಮಾಯವಾದ ಪ್ರಕರಣ ನಾಡಿಗೆಲ್ಲ ಗೊತ್ತಿದೆ. ಬಯಲುಸೀಮೆಗೆ ಕರಾವಳಿ ಎಂದರೆ ಸರಕು ಸಾಗಿಸುವ ಬಾಗಿಲು ಎಂಬ ಎಣಿಕೆ ಹೀಗೆ ಬಹುಕಾಲದಿಂದ ಬೆಳೆದು ಬಂದಿದೆ. ಆ ಬಾಗಿಲಲ್ಲಿ ಜನರ ಮನೆಗಳಿವೆ, ದುಡಿಮೆಯಿದೆ ಎಂಬುದು ಮಂಜಗುಣಿಯ ದಂಡೆಗೆ ಇಳಿದಾಗ ಕಣ್ಣಿಗೆ ಕಾಣುತ್ತದೆ.

ಬೆಳಗಿನ ಹೊತ್ತು ತಲುಪಿದರೆ ದಂಡೆ ಕೆಲಸದಲ್ಲಿ ಮುಳುಗಿರುತ್ತದೆ. ರಾತ್ರಿ ಬಲೆ ಬಿಟ್ಟ ನಾಡದೋಣಿಗಳು ಬಂದು ತಾಗುತ್ತವೆ. ಬಲೆಯ ಕಣ್ಣಿಗೆ ಸಿಕ್ಕ ಮೀನನ್ನು ಕಿವಿರು ಹರಿಯದಂತೆ ಬಿಡಿಸುವುದು, ಹರಿದ ಬಲೆ ಹೊಲಿಯುವುದು, ಮೀನನ್ನು ಜಾತಿವಾರು ಗುಪ್ಪೆ ಮಾಡುವುದು ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತದೆ. ಬಂಗಡೆ, ತಾರ್ಲೆ (ಭೂತಾಯಿ), ನೊಗಲಿ (ಕಾಣೆ), ಶೆಟ್ಲಿ (ಸಿಗಡಿ), ಏಡಿ. ದೋಣಿಯಲ್ಲಿ ಹೋಗುವವರು ಗಂಡಸರಾದರೂ ದಂಡೆಗೆ ಬಂದ ಮೀನಿನ ವ್ಯವಹಾರ ಬಹುಪಾಲು ಹೆಂಗಸರ ಕೈಯಲ್ಲಿ. ಬುಟ್ಟಿ ಹೊತ್ತು ಅಂಕೋಲಾ ಪೇಟೆಗೂ ಸುತ್ತಲಿನ ಹಳ್ಳಿಗಳಿಗೂ ಹೋಗುವವರು ಅವರು. ಮಳೆಗಾಲಕ್ಕೆಂದು ಬಿಸಿಲಲ್ಲಿ ಮೀನು ಒಣಗಿಸಿಡುವವರೂ ಅವರೇ. ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ ಹೀಗೆ ಈ ಕರಾವಳಿಯ ಮೀನುಗಾರ ಸಮುದಾಯಗಳು ಹಲವು. ಕನ್ನಡ, ಕೊಂಕಣಿಗಳು ಒಂದೇ ವಾಕ್ಯದಲ್ಲಿ ಬೆರೆತು ಬರುತ್ತವೆ.

ಅಂಕೋಲಾ–ಕಾರವಾರದ ದಂಡೆಗಳಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡುವ ಅದೃಷ್ಟ ಸಿಕ್ಕರೆ ಬಿಡಬಾರದು. ದೋಣಿಯೊಂದು ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಾ ಸಾಗುತ್ತದೆ. ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ನಿಂತವರು ಎಳೆಯುತ್ತಾ ಒಬ್ಬರಿಗೊಬ್ಬರು ಹತ್ತಿರ ಬರುತ್ತಾರೆ. ಸಿಕ್ಕ ಮೀನು ಪಾಲಾಗಿ ಹಂಚಿಕೆಯಾಗುತ್ತದೆ. ಇದರ ಹಿರಿಯಣ್ಣನಾದ ದೊಡ್ಡ ರಂಪಣಿಗೆ ಊರಿಗೆ ಊರೇ ಹಗ್ಗ ಹಿಡಿಯಬೇಕಾಗಿತ್ತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದು ಮೀನಿನ ಹಿಂಡನ್ನು ಆಳದಲ್ಲೇ ಸುತ್ತುಗಟ್ಟತೊಡಗಿದ ಮೇಲೆ ದಂಡೆಗೆ ಬರುವ ಬಂಗಡೆ, ತಾರ್ಲೆ ಕಡಿಮೆಯಾಗಿ ದೊಡ್ಡ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ನೂರು ಮನೆಗೆ ಹಂಚಿಕೆಯಾಗುತ್ತಿದ್ದ ಮೀನು ಯಂತ್ರ ಕೊಳ್ಳಬಲ್ಲವರ ಕಡೆಗೆ ಸರಿಯಿತು.

ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು. ಮುಂಗಾರಿನಲ್ಲಿ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲಕ್ಕೆ ಬರುತ್ತದೆ. ಅದೇ ಹೊತ್ತಿಗೆ ನದಿಗಳು ಘಟ್ಟದ ಸಾರವನ್ನು ತಂದು ಸುರಿಯುತ್ತವೆ. ಆ ಆಹಾರವನ್ನು ನಂಬಿಯೇ ತಾರ್ಲೆ, ಬಂಗಡೆಗಳ ಹಿಂಡು ದಡದತ್ತ ಬರುವುದು. ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವ ಜಾಗ ಶೆಟ್ಲಿ ಮರಿಗಳ ತೊಟ್ಟಿಲು. ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಕೆಸರು, ಮರಳಿನ ದಿಬ್ಬಗಳಲ್ಲಿ ಬಳಚು ಎಂಬ ಚಿಪ್ಪುಮೀನು ಸಿಗುತ್ತದೆ. ಧಾರವಾಡದಿಂದ ಕಡಲಿನವರೆಗೆ ಸುಮಾರು 160 ಕಿಲೋಮೀಟರ್ ಹರಿದು ಬಂದ ನೀರಿನ ಋಣ ಹುಬ್ಬಳ್ಳಿಯ ಗಣೇಶಪೇಟೆ ಮೀನು ಮಾರುಕಟ್ಟೆಯಲ್ಲಿ ಮರಳಿ ನಮ್ಮ ತಟ್ಟೆಗೇ ಬರುತ್ತದೆ.

ಈ ನದಿಯನ್ನು ಇಲ್ಲಿಯವರು ಗಂಗೆಯೆಂದೇ ಪೂಜಿಸುತ್ತಾರೆ. ಗಂಗಾವಳಿ ಊರಿನಲ್ಲಿ ಗಂಗಾಮಾತೆಯ ಗುಡಿಯಿದೆ. ದೀಪಾವಳಿಗೆ ಮುಂಚಿನ ಅಷ್ಟಮಿಯಂದು ಗೋಕರ್ಣದ ಮಹಾಬಲೇಶ್ವರನ ಉತ್ಸವ ಇಲ್ಲಿಗೆ ಬಂದು ಗಂಗೆಯೊಂದಿಗೆ ನಿಶ್ಚಿತಾರ್ಥವಾಗುತ್ತದೆ. ನರಕ ಚತುರ್ದಶಿಯಂದು ಕಡಲ ದಂಡೆಯಲ್ಲಿ ಶಿವ–ಗಂಗೆಯರ ವಿವಾಹ. ಆ ದಿನಗಳಲ್ಲಿ ಹೋದರೆ ಊರಿನ ಸಂಭ್ರಮವನ್ನೂ ಕಾಣಬಹುದು.

ಮಧ್ಯಾಹ್ನದ ಊಟಕ್ಕೆ ಅಂಕೋಲೆಯ ಸಣ್ಣ ಖಾನಾವಳಿಗಳು ಸಾಕು. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಜುಮ್ಮನಕಾಯಿ ಹಾಕಿದ ಬಂಗಡೆ ಸಾರು, ರವೆ ಮೆತ್ತಿ ಹುರಿದ ನೊಗಲಿ. ಬೇಸಿಗೆಯಾದರೆ ಕರಿ ಇಶಾಡ ಮಾವು. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಹಣ್ಣಿನ ಸಿಹಿಗೆ ಸಾಟಿಯಿಲ್ಲ. ಮಣಿಸರ ತೊಟ್ಟ ಹಾಲಕ್ಕಿ ಸಮುದಾಯದ ಹೆಂಗಸರು ರಸ್ತೆಬದಿಯಲ್ಲಿ ತಾವೇ ಬೆಳೆದ ತರಕಾರಿ ಮಾರುತ್ತಾರೆ. ಮರ ಬೆಳೆಸಿದ ತುಳಸಿ ಗೌಡ, ಹಾಡು ಉಳಿಸಿದ ಸುಕ್ರಿ ಬೊಮ್ಮಗೌಡ ಇದೇ ತಾಲ್ಲೂಕಿನ ಹಾಲಕ್ಕಿ ಮನೆಗಳಿಂದ ಬಂದವರು.

ಸಂಕಟಗಳೂ ಇವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕರಾವಳಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ ನೀರು ಉಕ್ಕಿ ಎದುರು ದಂಡೆಯ ಉಳುವರೆಯ ಮನೆಗಳಿಗೆ ನುಗ್ಗಿತು. ಹತ್ತಿರದ ಕೇಣಿಯಲ್ಲಿ ಬೃಹತ್ ಖಾಸಗಿ ಬಂದರಿನ ಯೋಜನೆಯನ್ನು ಮೀನುಗಾರರು ವಿರೋಧಿಸುತ್ತಿದ್ದಾರೆ. ಘಟ್ಟದ ಮೇಲೆ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ಚರ್ಚೆ ನಡೆದಿದೆ. ಹಾವೇರಿ, ಗದಗ ಭಾಗದ ರೈತರ ನೀರಿನ ಬವಣೆ ಸುಳ್ಳಲ್ಲ. ಆದರೆ ಕಡಲಿಗೆ ಹೋಗುವ ನೀರು ವ್ಯರ್ಥ ಎಂದು ಲೆಕ್ಕ ಬರೆಯುವವರು ಒಮ್ಮೆ ಈ ಅಳಿವೆಯಲ್ಲಿ ಇಳಿತದ ಹೊತ್ತು ನಿಂತು ನೋಡಬೇಕು. ನದಿಯ ಕೊನೆಯ ಹನಿಗೂ ಇಲ್ಲಿ ಕೆಲಸವಿದೆ, ಅದನ್ನು ನಂಬಿದ ಒಲೆಗಳಿವೆ. ನದಿಯ ಹುಟ್ಟೂರಿನವರಾದ ನಮಗೆ ಅದರ ಕೊನೆಯ ಊರಿನ ಪರವಾಗಿ ಮಾತಾಡುವ ಹೊಣೆಯೂ ಇದೆ.

ಹೋಗುವುದು ಹೇಗೆ?

ಹುಬ್ಬಳ್ಳಿಯಿಂದ ಅಂಕೋಲೆಗೆ ಸಾರಿಗೆ ಬಸ್ಸುಗಳಿವೆ. ಸ್ವಂತ ವಾಹನದಲ್ಲಿ ಸುಮಾರು ಮೂರು ತಾಸಿನ ದಾರಿ. ಮಂಜಗುಣಿ ಅಂಕೋಲಾ ಪೇಟೆಯ ದಕ್ಷಿಣಕ್ಕಿದೆ. ಅಲ್ಲಿ ನದಿಗೆ ಸೇತುವೆ ಎದ್ದಿರುವುದರಿಂದ ಗಂಗಾವಳಿ, ಗೋಕರ್ಣಗಳೂ ಹತ್ತಿರವಾಗಿವೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹಿತವಾದ ಕಾಲ. ಮಳೆಗಾಲದಲ್ಲಿ ಹೊರಡುವ ಮುನ್ನ ಘಟ್ಟದ ರಸ್ತೆಯ ಸ್ಥಿತಿ ವಿಚಾರಿಸಿಕೊಳ್ಳಿ. ಅಳಿವೆಯಲ್ಲಿ ಸೆಳೆತ ಜೋರು, ಸ್ಥಳೀಯರನ್ನು ಕೇಳದೆ ನೀರಿಗಿಳಿಯಬೇಡಿ. ಒಣಗಲು ಹರಡಿದ ಬಲೆ, ಮೀನುಗಳನ್ನು ತುಳಿಯಬೇಡಿ. ಫೋಟೊ ತೆಗೆಯುವ ಮುನ್ನ ಒಪ್ಪಿಗೆ ಪಡೆಯಿರಿ. ಮೀನು ಕೊಳ್ಳುವುದಿದ್ದರೆ ಬುಟ್ಟಿ ಹೊತ್ತ ಅಕ್ಕಂದಿರ ಬಳಿಯೇ ಕೊಳ್ಳಿ, ಚೌಕಾಸಿ ಮಾಡದೆ.